ಮಾರಪ್ಪನವರ ತಟ್ಟೆ

ಶಿವಾಯ ನಮಃ... ಅನ್ನಿ ಮಾರಪ್ಪನೋರೇ, ನನ್ನ ಜೊತೆ ನೀವೂ ಒಂದ್ಸಲ ಅನ್ನಿ. ಹಸಿದವರ ಹೊಟ್ಟೆಯಲ್ಲಿ ಉರಿಯಾಗಿ ಕೂತಿರೋನೇ, ಅನ್ನದ ಅಗುಳಲ್ಲಿ ತಂಪಾಗಿ ಇಳಿಯೋನೇ, ಆಸ್ಪತ್ರೆ ಬೆಂಚಿನ ಮೇಲೆ ಕೂತಿರೋ ನಮ್ಮಿಬ್ಬರನ್ನೂ ಕಾಯಪ್ಪಾ ಮಹಾದೇವಾ... ಅನ್ನಲ್ವಾ? ಬೇಡ ಬಿಡಿ. ನಿಮ್ಮ ಪಾಲಿಂದೂ ನಾನೇ ಅಂದಿದೀನಿ. ಯಾರ ಬಾಯಿಂದ ಬಂತು ಅಂತ ಅವನೇನು ನೋಡಲ್ಲ.

ಏನು ಹೇಳ್ತಿದ್ದೆ? ಹ್ಞಾಂ, ಬರೀ ಚೆಕಪ್ಪು. ಆಟೋದಲ್ಲೇ ಹೇಳಿದ್ನಲ್ಲ. ಡಾಕ್ಟ್ರು ಬರ್ತಾರೆ, ನಾಲಿಗೆ ನೋಡ್ತಾರೆ, ಎದೆಗೆ ಕೊಳವೆ ಇಡ್ತಾರೆ, ಬೆನ್ನ ಮೇಲೆ ಎರಡು ಸಲ ಬಡೀತಾರೆ... ಅಯ್ಯೋ, ಬಡೀತಾರೆ ಅಂದ್ರೆ ಆ ಥರ ಬಡಿಯೋದಲ್ಲ! ನೋಡಿ, ಆ ಮಾತು ಬಂದ ಕೂಡ್ಲೇ ನಿಮ್ಮ ಕಣ್ಣು ಹೊಳೀತು. ಸಂಜೆ ಕಾಫಿ ಹೊತ್ತಿಗೆ ಹೊಸಮನೆ ಆಶ್ರಮಕ್ಕೆ ವಾಪಸ್. ಆಶ್ರಮದಲ್ಲಿ ನಿಮ್ಮ ಮಂಚ, ನಿಮ್ಮ ಕಿಟಕಿ, ಕಿಟಕಿಯಾಚೆ ನಿಮ್ಮ ನುಗ್ಗೆಮರ. ಸರಿನಾ ಅಪ್ಪಾಜಿ?

ಯಾಕೆ ನಗ್ತೀರಿ? ಗೊತ್ತು ಬಿಡಿ. "ಜಯಶೀಲಮ್ಮ ಮಾರಪ್ಪನೋರೇ ಅಂದ್ರೆ ಮಾತ್ರೆ, ಅಪ್ಪಾಜಿ ಅಂದ್ರೆ ಇಂಜೆಕ್ಷನ್ನು" ಅಂತ ಊಟದ ಮನೇಲಿ ಎಲ್ಲರಿಗೂ ಹೇಳಿ ನಗಿಸ್ತೀರಂತೆ. ಹೇಳಿ, ಹೇಳಿ. ನಾನು ಮನಸ್ಸಿಗೆ ಹಚ್ಕೊಳ್ಳಲ್ಲ. ಮೇಟ್ರನ್ ಅನ್ನಿಸ್ಕೊಂಡ ಮೇಲೆ ಬೈಗುಳಾನೂ ಪ್ರಸಾದಾನೇ.

ಆ ಬ್ಯಾಗ್ ಬಿಡಿ, ಅದು ಅಲ್ಲೇ ಕಾಲ ಹತ್ರ ಇರ್ಲಿ. ಏನೂ ಇಲ್ಲ ಅದರಲ್ಲಿ... ಒಂದು ಪಂಚೆ, ಒಂದು ಟವೆಲ್ಲು, ನಿಮ್ಮ ಬಿಪಿ ಮಾತ್ರೆ. ಸದ್ದಾ? ಎಂಥ ಸದ್ದು? ಲೋಟ ಇರ್ಬೇಕು.

ಬೆಳಿಗ್ಗೆ ಆಟೋ ಹತ್ತಿದಾಗಿನಿಂದ ಬಾಯಿಗೆ ಬೀಗ ಹಾಕ್ಕೊಂಡಿದೀರಿ. ಆಶ್ರಮದಲ್ಲಿ ಇಷ್ಟು ದಿನ ಈ ಬೀಗ ಎಲ್ಲಿಟ್ಟಿದ್ರಿ ಮಾರಾಯ್ರೇ? ಅಲ್ಲಿ ಹಾಕಿದ್ರೆ ಇಲ್ಲಿಗೆ ಬರೋದೇ ಬೇಕಿರಲಿಲ್ಲವಲ್ಲ!

ಏನಮ್ಮಾ? ಹ್ಞೂಂ, ಕೂತ್ಕೊಳ್ಳಿ, ಜಾಗ ಇದೆ. ಸ್ವಲ್ಪ ಸರೀರಿ ಮಾರಪ್ಪನೋರೇ, ಆ ಅಮ್ಮ ಮಗೂನ ಎತ್ಕೊಂಡಿದಾರೆ. ಇಲ್ಲಮ್ಮ, ನಮ್ಮ ತಂದೆ ಅಲ್ಲ. ತಂದೆ ಸಮಾನ. ನಮ್ಮ ವೃದ್ಧಾಶ್ರಮದವರು. ಕಾಯಿಲೆನಾ? ಶಿವನ ದಯೆ, ಕಾಯಿಲೆ ಏನೂ ಇಲ್ಲ. ಬಿಹೇವಿಯರ್ರು.

ಹಂಗಂದ್ರೆ... ಹೆಂಗೆ ಹೇಳ್ಲಿ? ಮುಂಚೆ ನಮಗೂ ಗೊತ್ತಿರ್ಲಿಲ್ಲಮ್ಮ. ಹಟ ಅಂತಿದ್ವಿ, ಮುದಿಕೋಪ ಅಂತಿದ್ವಿ, ಕೆಲವು ಸಲ ಹಸಿವು ಅಂತಾನೂ ಅಂದುಬಿಡ್ತಿದ್ವಿ, ತಿಳುವಳಿಕೆ ಸಾಲದೆ. ಆಮೇಲೆ ನಮ್ಮ ಕಾರ್ಯದರ್ಶಿ ಕಾಂತರಾಜ್ ಸರ್ ಎಲ್ಲೋ ತರಬೇತಿಗೆ ಹೋಗಿ ಬಂದ್ರು, ಕೊರಳಲ್ಲಿ ಐಡಿ ಕಾರ್ಡ್ ನೇತುಹಾಕ್ಕೊಂಡು. ಅವತ್ತಿನಿಂದ ಎಲ್ಲಕ್ಕೂ ಒಂದೇ ಹೆಸರು. ಅತ್ತರೆ ಬಿಹೇವಿಯರ್, ನಕ್ಕರೆ ಬಿಹೇವಿಯರ್. ಬಿಹೇವಿಯರ್ ಬಂದ್ರೆ ನಾವು ಇಟ್ಕೊಳ್ಳೋ ಹಾಗಿಲ್ಲ, ಆಸ್ಪತ್ರೆಗೆ ತರ್ಬೇಕು. ಅವರ ಒಳ್ಳೇದಕ್ಕೇನೇ.

ನೀವೇ ಹೇಳಿ ಮಾರಪ್ಪನೋರೇ, ಈ ಅಮ್ಮನ ಮುಂದೇನೇ ಹೇಳಿ. ನಮ್ಮಲ್ಲಿ ಏನು ಕಮ್ಮಿ ಇದೆ? ಶಿವಮೊಗ್ಗದ ಪುಣ್ಯವಂತರೆಲ್ಲ ಮಕ್ಕಳ ಹುಟ್ಟುಹಬ್ಬಕ್ಕೆ, ಹಿರಿಯರ ಪುಣ್ಯತಿಥಿಗೆ ಅಂತ ನಮ್ಮಲ್ಲಿ ಊಟ ಹಾಕಿಸ್ತಾರೆ. ಯಾರೋ ಹುಟ್ಟಿದ್ದಕ್ಕೆ ಜಾಮೂನು, ಯಾರೋ ಸತ್ತಿದ್ದಕ್ಕೆ ವಡೆ. ಯಾರಿಗೆ ಸಿಗುತ್ತೆ ಈ ಭಾಗ್ಯ? ಬದಲಿಗೆ ನಾವು ಕೇಳೋದೇನು? ಅವರು ಬರೋ ತನಕ ತಟ್ಟೆ ಮುಂದಿಟ್ಕೊಂಡು ಸಾಲಾಗಿ ಕೂತಿರೋದು. ಬಂದ ಮೇಲೆ ಒಂದು ಪ್ರಾರ್ಥನೆ, ಒಂದು ಫೋಟೋ, ಮಗು ತಲೆ ಮೇಲೆ ನಾಲ್ಕು ಕಾಳು ಅಕ್ಷತೆ. ಆಮೇಲೆ ಊಟ. "ಬಡಿಸಿದ ಅನ್ನ ಆರಿಹೋಗ್ತದಲ್ಲ" ಅಂತೀರಿ. ಆರ್ಲಿ ಬಿಡಿ! ಬಿಸಿ ಅನ್ನ ಅಂತ ಫೋಟೋದಲ್ಲಿ ಗೊತ್ತಾಗುತ್ತಾ?

ಹಸಿವು ಅಂದ್ರೆ ತಪಸ್ಸು ಮಾರಪ್ಪನೋರೇ. ನನ್ನೇ ನೋಡಿ. ಇವತ್ತು ಸೋಮವಾರ, ನನಗೆ ಉಪವಾಸ. ಬೆಳಿಗ್ಗೆ ಒಂದು ತಟ್ಟೆ ಅವಲಕ್ಕಿ, ಎರಡು ಬಾಳೆಹಣ್ಣು, ಒಂದು ಲೋಟ ಬಾದಾಮಿ ಹಾಲು, ಅಷ್ಟೇ. ಸಂಜೆ ಪೂಜೆ ತನಕ ಇನ್ನೊಂದು... ಯಾಕೆ ನಗ್ತೀರಿ? ಈ ಅಮ್ಮನೂ ನಗ್ತಿದಾರೆ ನೋಡಿ! ಉಪವಾಸ ಅಂದ್ರೆ ನಗು ಬರೋ ಕಾಲ. ಶಿವಶಿವಾ.

ಯಲ್ಲಮ್ಮಜ್ಜಿ ವಿಷಯದಲ್ಲೂ ಹೀಗೇ ನಕ್ಕಿರಿ. ಗೊತ್ತಾ ಅಮ್ಮಾ, ಯಲ್ಲಮ್ಮಜ್ಜಿ ಅಂತ ಒಬ್ಬಳಿದ್ದಳು ನಮ್ಮಲ್ಲಿ. ಒಂದು ಹುಟ್ಟುಹಬ್ಬದ ದಿನ ಫೋಟೋ ಆಗೋಕೆ ಮುಂಚೆನೇ ಜಾಮೂನು ಬಾಯಿಗೆ ಹಾಕ್ಕೊಂಡಳು. ಕೆನ್ನೆ ಉಬ್ಬಿಸ್ಕೊಂಡೇ ಫೋಟೋದಲ್ಲಿ ಕೂತಳು. ಊಟ ಹಾಕಿಸಿದವರು ಆ ಫೋಟೋನ ನೆಂಟರಿಗೆಲ್ಲ ಕಳಿಸಿದ್ರೆ, ಎಲ್ಲರೂ "ಮಗು ಮುದ್ದಾಗಿದೆ" ಅನ್ನೋದು ಬಿಟ್ಟು "ಆ ಅಜ್ಜಿಗೆ ಹಲ್ಲುನೋವಾ?" ಅಂತ ಕೇಳಿದ್ರಂತೆ! ಮುಂದಿನ ಸಲ ನಾನು ಮೆಲ್ಲಗೆ ಕೈ ಹಿಡಿದೆ, "ತಾಳಜ್ಜಿ, ಅವರು ಬರ್ಲಿ" ಅಂತ. ಪರಚಿದಳು ನೋಡಿ, ಇಲ್ಲಿ, ಬಳೆ ಮೇಲೆ. ಬಿಹೇವಿಯರ್ ಅಂದ್ರು ಕಾಂತರಾಜ್ ಸರ್. ಆಸ್ಪತ್ರೆಗೆ ಬಿಟ್ಟು ಬಂದ್ವಿ. ಅಲ್ಲಿಂದ ಎಲ್ಲಿಗೆ ಹೋದಳೋ ದೇವರಿಗೇ ಗೊತ್ತು. ಅವನಿಗೆ ಗೊತ್ತಿದ್ರೆ ಸಾಕಲ್ವಾ? ನಮಗೂ ಯಾಕೆ ಗೊತ್ತಿರ್ಬೇಕು?

ಹಾಗೆ ನೋಡ್ಬೇಡಿ ಮಾರಪ್ಪನೋರೇ. ನಾನು ದಿನಾ ದೀಪ ಹಚ್ಚುವಾಗ ಅವಳ ಹೆಸರು ಹೇಳ್ತೀನಿ. ಒಂದು ದಿನಾನೂ ತಪ್ಪಿಸಿಲ್ಲ.

ಅಲ್ಲಿಂದಲೇ ನಿಮ್ಮ ಕಥೆ ಶುರುವಾಗಿದ್ದು. ನಮ್ಮ ಊಟದ ಮನೆ ಬಾಗಿಲಲ್ಲಿ ಒಂದು ತಟ್ಟೆ ಸ್ಟ್ಯಾಂಡ್ ಇದೆಯಮ್ಮ. ಒಬ್ಬೊಬ್ಬರದು ಒಂದೊಂದು ತಟ್ಟೆ, ಮೇಲೆ ಹೆಸರು ಕೊರೆಸಿರೋದು, ಒಂದೊಂದಕ್ಕೂ ಒಂದೊಂದು ಸಂದಿ. ಹೈಜೀನ್ ಅಂದ್ರು ಕಾಂತರಾಜ್ ಸರ್. "ನಮ್ಮೂರಲ್ಲಿ ನಮ್ಮ ತಟ್ಟೆ ಬೇರೆ ಇಡ್ತಿದ್ರು, ಆಗ ಇದಕ್ಕೆ ಬೇರೆ ಹೆಸರಿತ್ತು" ಅಂತ ಇವರು ಅಂದ್ರು. ನೋಡಿ, ಬಾಯಿ ಅಂದ್ರೆ ಇದು! ಇರ್ಲಿ. ನಮ್ಮಲ್ಲೇ ಇರೋ ಚಿನ್ನಮ್ಮ ಕಣ್ಣಿನ ಆಪರೇಷನ್ನಿಗೆ ಅಂತ ಆಸ್ಪತ್ರೆಗೆ ಹೋದಾಗ ಅವಳ ತಟ್ಟೆ ಸ್ಟ್ಯಾಂಡಿನಲ್ಲೇ ಇತ್ತು. ಬಂದಳು, ಕಪ್ಪು ಕನ್ನಡಕ ಹಾಕ್ಕೊಂಡೇ ತಡವರಿಸಿ ತನ್ನ ತಟ್ಟೆ ತಗೊಂಡಳು. ಯಲ್ಲಮ್ಮಜ್ಜಿ ಹೋದಾಗ ಮಾತ್ರ ತಟ್ಟೆನೂ ಬ್ಯಾಗಲ್ಲಿ ಹೋಯ್ತು. ಯಾರಾದ್ರೂ ಗಮನಿಸಿದ್ರಾ? ಇಲ್ಲ. ಇವರು ಗಮನಿಸಿದ್ರು! ಊಟದ ಮನೇಲಿ ನಿಂತು ಸಾರಿದ್ರು. "ಆಸ್ಪತ್ರೆಗೆ ಹೋದವರು ತಿರುಗಿ ಬರ್ತಾರಾ ಇಲ್ವಾ ಅಂತ ಡಾಕ್ಟ್ರನ್ನ ಕೇಳ್ಬೇಡಿ, ಸ್ಟ್ಯಾಂಡ್ ನೋಡಿ" ಅಂತ. ಅವತ್ತಿನಿಂದ ಏನಾಗಿದೆ ಗೊತ್ತಾ? ಒಬ್ಬರಿಗೆ ನೆಗಡಿ ಬಂದ್ರೂ ಮೊದಲು ಎದ್ದು ಹೋಗಿ ತಟ್ಟೆ ಮುಟ್ಟಿ ನೋಡಿ ಬರ್ತಾರೆ. ದೇವರ ಮನೆಗೆ ಬನ್ನಿ ಅಂದ್ರೆ ಮಂಡಿನೋವು, ತಟ್ಟೆ ಸ್ಟ್ಯಾಂಡಿಗೆ ಪ್ರದಕ್ಷಿಣೆ!

ಬ್ಯಾಗ್ ಬಿಡಿ ಅಂದ್ನಲ್ಲ. ಕಾಲಿಗೆ ತಾಗುತ್ತಾ? ಕೊಡಿ, ನನ್ನ ಈ ಪಕ್ಕ ಇಟ್ಕೊಳ್ತೀನಿ... ಇದೆಂಥ ಠಣ್ ಅಂತು? ಲೋಟಾನೇ. ಸ್ಟೀಲ್ ಲೋಟ.

ಆಯ್ತು, ಹಳೇದು ಬಿಡೋಣ. ಹೋದ ಗುರುವಾರದ್ದು ಹೇಳಿ. ಅಮೂಲ್ಯ ಅನ್ನೋ ಮಗು ಹುಟ್ಟುಹಬ್ಬ. ಅಪ್ಪ ಜ್ಞಾನೇಶ್, ಎಷ್ಟು ದೊಡ್ಡ ಮನಸ್ಸು ಆ ಮನುಷ್ಯಂದು! ಮಧ್ಯಾಹ್ನದ ಊಟ ಅಂದಿದ್ರು. ಕೇಕ್ ಅಂಗಡಿಯಲ್ಲಿ ತಡವಾಯ್ತಂತೆ. ಮಗು ಹೆಸರಲ್ಲಿ ಒಂದು ಅಕ್ಷರ ತಪ್ಪಿತ್ತಂತೆ, ಒರೆಸಿ ಬರೆಸೋ ಹೊತ್ತಿಗೆ ಬಿಸಿಲು ಇಳೀತು. ಅಷ್ಟಕ್ಕೆ ನೀವು... ಅಯ್ಯೋ ಅಮ್ಮಾ, ಇವರ ತಟ್ಟೆ ನೋಡ್ಬೇಕು ನೀವು. ಭದ್ರಾವತಿ ಕಾರ್ಖಾನೆಯಿಂದ ರಿಟೈರ್ ಆದಾಗ ಜೊತೆಗಾರರೆಲ್ಲ ಸೇರಿ ಕೊಡಿಸಿದ್ದು. ದಪ್ಪ ಸ್ಟೀಲು. "ಮಾರಪ್ಪ, ನ್ಯೂ ಟೌನ್" ಅಂತ ಕೊರೆಸಿದಾರೆ. ಬೇರೆಯವರ ತಟ್ಟೆ ಬಡಿದ್ರೆ ಟಪ್ ಅನ್ನುತ್ತೆ. ಇವರದು ಬಡಿದ್ರೆ ದೇವಸ್ಥಾನದ ಜಾಗಟೆ! ಮೊದಲು ಇವರು ಬಡಿದ್ರು. ಆಮೇಲೆ ಚಿನ್ನಮ್ಮ. ಆಮೇಲೆ ಸಾಲಿಗೆ ಸಾಲು. ಕೈ ನಡುಗೋ ಅಜ್ಜನೂ ಬಡಿದ. ಅವನ ಕೈ ಹೇಗೂ ನಡುಗ್ತಿತ್ತು, ತಟ್ಟೆ ಹತ್ರ ಹಿಡಿದ್ರೆ ಸಾಕಾಯ್ತು.

ನಾನು ಓಡಿ ಬಂದು ಕೈ ಮುಗಿದೆ. ಏನಂದ್ರಿ ನೀವು? "ಕ್ಯಾಂಟೀನಲ್ಲಿ ಸಾರು ತಡವಾದ್ರೆ ನಾವೆಲ್ಲ ಹೀಗೇ ಬಡೀತಿದ್ವಿ ಜಯಶೀಲಮ್ಮ. ಅಡುಗೆ ಭಟ್ಟನೂ ಒಳಗಿಂದ ಸೌಟು ಬಡಿದು 'ಬಂದೆ ಬಂದೆ' ಅಂತಿದ್ದ. ಇದು ಜಗಳ ಅಲ್ಲ, ಹೊಟ್ಟೆ ಸೈರನ್ನು" ಅಂತ. ಕಾರ್ಖಾನೆ ಬೇರೆ, ಆಶ್ರಮ ಬೇರೆ ಅಪ್ಪಾಜಿ! ಅಲ್ಲಿ ನೀವು ದುಡಿದು ತಿಂತಿದ್ರಿ. ಇಲ್ಲಿ ಪುಣ್ಯದ ಅನ್ನ. ಪುಣ್ಯದ ಅನ್ನಕ್ಕೆ ಸೈರನ್ ಇರುತ್ತಾ? ಅದಕ್ಕೂ ನಿಮ್ಮ ಹತ್ರ ಉತ್ತರ ರೆಡಿ. "ಕೊರೊನಾದಲ್ಲಿ ನೀವೆಲ್ಲ ಬಾಗಿಲಿಗೆ ಬಂದು ತಟ್ಟೆ ಬಡಿದ್ರಲ್ಲ, ಆಗ ಯಾರನ್ನ ಆಸ್ಪತ್ರೆಗೆ ಸೇರಿಸಿದ್ರು?" ಹೌದು, ಬಡಿದೆ. ನಾನೂ ಬಡಿದೆ. ಪೂಜೆ ಘಂಟೆನೂ ಸೇರಿಸಿ ಬಡಿದೆ. ಅದು ಭಕ್ತಿ. ಹೊಟ್ಟೆ ತುಂಬಿರುವಾಗ ಬಡಿದ್ರೆ ಭಕ್ತಿ, ಖಾಲಿ ಹೊಟ್ಟೆಯಲ್ಲಿ ಬಡಿದ್ರೆ... ಏನಮ್ಮಾ? ಇಲ್ಲ, ನಾನು ಹಾಗೆ ಹೇಳ್ಲಿಲ್ಲ. ಮಾತಿನ ಭರದಲ್ಲಿ ಬಂತು.

ಆದ್ರೆ ಶಿವನ ಲೀಲೆ ನೋಡಿ! ಅದೇ ಹೊತ್ತಿಗೆ ಜ್ಞಾನೇಶ್ ಸಂಸಾರ ಒಳಗೆ ಬಂತು. ಕಾಂತರಾಜ್ ಸರ್ ಮುಖ ಸುಣ್ಣ. ನಾನು ಮನಸ್ಸಲ್ಲೇ ಪಂಚಾಕ್ಷರಿ ಶುರು ಮಾಡಿದೆ. ಜ್ಞಾನೇಶ್ ಏನಂದ್ರು ಗೊತ್ತಾ? "ಅಬ್ಬಾ, ಎಂಥ ಸ್ವಾಗತ ಸರ್! ಎಷ್ಟು ಖುಷಿಯಾಗಿದಾರೆ ಎಲ್ಲರೂ!" ಅಂತ ಚಪ್ಪಾಳೆ ತಟ್ಟಿದ್ರು! ಆ ಮಗು ಅಮೂಲ್ಯ ಓಡಿ ಬಂದು ನಿಮ್ಮ ತೊಡೆ ಮೇಲೆ ಕೂತ್ಕೊಂಡು ನಿಮ್ಮ ತಟ್ಟೆನೇ ಬಡೀತು. ತಟ್ಟೆ ತಾತ, ತಟ್ಟೆ ತಾತ ಅಂತ. ನಗ್ತೀರಿ... ನಕ್ಕುಬಿಡಿ, ಅದು ನಗೋ ವಿಷಯಾನೇ.

ಅಲ್ಲಿಗೆ ನಿಲ್ಲಿಸಿದ್ರೆ ಎಲ್ಲಾ ಚೆನ್ನಾಗಿರ್ತಿತ್ತು. ನೀವು ಮಗು ತಲೆ ಮೇಲೆ ಅಕ್ಷತೆ ಹಾಕಿದ್ರಿ, "ಹಸಿದಾಗ ಅನ್ನ ಸಿಗ್ಲಿ ಮಗಾ" ಅಂದ್ರಿ. ಒಳ್ಳೇ ಆಶೀರ್ವಾದ, ನನ್ನ ಕಣ್ಣಲ್ಲೂ ನೀರು ಬಂತು. ಆಮೇಲೆ ತಲೆ ಎತ್ತಿ, ಎಲ್ಲರ ಮುಂದೆ, ಕ್ಯಾಮೆರಾ ಮುಂದೆ, "ಕಾಂತರಾಜಪ್ಪಾ, ಯಲ್ಲಮ್ಮನ ತಟ್ಟೆ ಎಲ್ಲಿ?" ಅಂತ ಕೇಳ್ಬೇಕಿತ್ತಾ? ಹುಟ್ಟುಹಬ್ಬದ ಫೋಟೋದಲ್ಲಿ ಕಾಂತರಾಜ್ ಸರ್ ಹಲ್ಲು ಬಿಟ್ಟಿದ್ದು ಹಾಗೇ ಉಳ್ಕೊಂಡಿದೆ, ಸ್ಟುಡಿಯೋ ಬೊಂಬೆ ಥರ.

ಜ್ಞಾನೇಶ್ ಅವರಿಗೆ ಏನೂ ಅರ್ಥ ಆಗ್ಲಿಲ್ಲ, ಪುಣ್ಯ. ಅವರ ತಂದೆನೂ ಬಂದಿದ್ರಲ್ಲ, ಷಣ್ಮುಖಪ್ಪನೋರು, ಬೆಳ್ಳಿ ಹಿಡಿಕೆ ಕೋಲು. ಆಶ್ರಮವೆಲ್ಲ ಸುತ್ತಿ ನೋಡಿದ್ರು. ನಿಮ್ಮ ಮಂಚದ ಮೇಲೆ ಕೂತು ಹಾಸಿಗೆ ಒತ್ತಿ ನೋಡಿದ್ರು, ಕಿಟಕಿಯಿಂದ ನುಗ್ಗೆಮರ ನೋಡಿದ್ರು... ಸುಸ್ತಾಗಿತ್ತು ಪಾಪ. ಅದಕ್ಕೆ ಕೂತಿದ್ದು. ಅಷ್ಟೇ. ಅದ್ಯಾಕೆ ಬಂತು ಮಾತು...

ಒಂದು ನಿಮಿಷ, ಫೋನು. ಹಲೋ, ಕಾಂತರಾಜ್ ಸರ್, ಶರಣು ಸರ್. ಹ್ಞಾಂ, ಬಂದಿದೀವಿ. ಇನ್ನೂ ಡಾಕ್ಟ್ರು ನೋಡಿಲ್ಲ... ಪಕ್ಕದಲ್ಲೇ ಇದಾರೆ ಸರ್. ಇಲ್ಲ ಸರ್, ಬಡಿದಿಲ್ಲ. ಕೂಗಾಡಿಲ್ಲ. ಸುಮ್ನಿದಾರೆ. ಸುಮ್ನಿದಾರೆ ಅಂದ್ರೆ... ಏನೂ ಮಾಡ್ತಿಲ್ಲ ಸರ್, ಬರೀ ಕೂತಿದಾರೆ. ಹೆಂಗ್ ಮಾಡ್ಸೋದು ಸರ್ ನಾನು? ಅವರು ಬಂದ್ರಾ ಆಗ್ಲೇ? ಆಯ್ತು ಸರ್. ಬೆಡ್‌ಶೀಟ್ ಹೊಸದು ಹಾಕಿ ಬಂದಿದೀನಿ. ಹ್ಞೂಂ. ಶರಣು.

ಯಾವ ಬೆಡ್‌ಶೀಟ್ ಅಂತೀರಾ? ಆಫೀಸಿಂದು. ಅಂದ್ರೆ... ಅತಿಥಿ ಕೋಣೆದು. ನಿಮಗೆ ಯಾಕೆ ಆಶ್ರಮದ ಬಟ್ಟೆಬರೆ ಚಿಂತೆ? ನೀರು ಕುಡೀತೀರಾ? ಬೇಡ್ವಾ?

ಅಯ್ಯೋ, ಮತ್ತೆ ಫೋನು. ಇದು... ಮೈತ್ರಿ. ನಿಮ್ಮ ಮಗಳು. ಶ್... ಹಲೋ ಮೈತ್ರಿ, ಹೇಳಮ್ಮಾ. ಅಪ್ಪಾಜಿನಾ? ಚೆನ್ನಾಗಿದಾರೆ ತಾಯೀ. ಈಗಷ್ಟೇ ಊಟ ಮಾಡಿ ಕಿಟಕಿ ಹತ್ರ ಮಲಗಿದಾರೆ. ಎಬ್ಬಿಸ್ಲಾ? ಬೇಡ ಅಲ್ವಾ. ಗಲಾಟೆನಾ? ಟಿವಿ ಕಣಮ್ಮ. ಭಾನುವಾರ ಬರ್ತೀಯಾ? ಬಾ, ಬಾ... ಬರೋ ಮುಂಚೆ ಒಂದು ಫೋನ್ ಮಾಡು. ಶಿವ ಒಳ್ಳೇದು ಮಾಡ್ಲಿ.

ಹಾಗ್ಯಾಕೆ ನೋಡ್ತೀರಿ? ಸುಳ್ಳಲ್ಲ ಅದು, ಸಮಾಧಾನ. ಭದ್ರಾವತಿ ಜನ್ನಾಪುರದಲ್ಲಿ ಆ ಹುಡುಗಿಗಿರೋದು ಒಂದು ಕೋಣೆ. ಅತ್ತೆ, ಮಾವ, ಎರಡು ಮಕ್ಕಳು, ಬಟ್ಟೆ ಅಂಗಡಿ ಕೆಲಸ. ಗಾಬರಿಯಾಗಿ ಬಸ್ ಹತ್ತಿ ಓಡಿ ಬಂದು ಏನು ಮಾಡ್ತಾಳೆ? ನಿಮ್ಮನ್ನ ತಲೆ ಮೇಲೆ ಹೊತ್ಕೊಂಡು ಹೋಗ್ತಾಳಾ? ನೀವು ಒಂದು ಕೂಗು ಹಾಕಿದ್ರೆ ಅವಳಿಗೆ ಕೇಳಿಸ್ತಿತ್ತು. ಕೂಗಲಿಲ್ಲ. ನನಗೆ ಗೊತ್ತು, ನಿಮಗೂ ಅವಳ ಮೇಲೆ ಭಾರ ಹಾಕೋ ಮನಸ್ಸಿಲ್ಲ. ಅಲ್ವಾ? ಅಲ್ವಾ ಮಾರಪ್ಪನೋರೇ? ಹೂಂ ಅನ್ನಿ ಒಂದ್ಸಲ, ನನಗೂ ಸ್ವಲ್ಪ...

ಬಂದ್ರು, ಡಾಕ್ಟ್ರು ಬಂದ್ರು. ನೆಟ್ಟಗೆ ಕೂತ್ಕೊಳ್ಳಿ. ಬೇಡ ಬೇಡ, ಅಷ್ಟು ನೆಟ್ಟಗೆ ಬೇಡ! ನಮಸ್ಕಾರ ಡಾಕ್ಟ್ರೇ. ಹೌದು, ಹೊಸಮನೆ ಆಶ್ರಮದಿಂದ. ಇವರೇ. ಬಿಹೇವಿಯರ್ರು ಡಾಕ್ಟ್ರೇ. ಏನು ಮಾಡ್ತಾರೆ ಅಂದ್ರೆ... ತಟ್ಟೆ ಬಡೀತಾರೆ. ಯಾವಾಗ? ಊಟ ತಡವಾದಾಗ. ಇಲ್ಲ, ಊಟ ಬಂದ ಮೇಲೆ ಬಡಿಯಲ್ಲ. ಊಟ ಬಂದ ಮೇಲೆ... ಊಟ ಮಾಡ್ತಾರೆ. ಯಾಕೆ ನಗ್ತೀರಿ ಡಾಕ್ಟ್ರೇ? ಗಂಭೀರವಾದ ವಿಷಯ ಇದು!

ಕೇಳ್ತಿದಾರೆ ನೋಡಿ, ಇದು ಯಾವ ಊರು ಅಂತ. ಬಾಯಲ್ಲಿ ಹೇಳಿ ಮಾರಪ್ಪನೋರೇ, ಬೆರಳಲ್ಲಿ ಬೋರ್ಡ್ ಯಾಕೆ ತೋರಿಸ್ತೀರಿ? ಶಿವಮೊಗ್ಗ ಅಂತ ಬರೆದಿದ್ದಾರೆ, ಸರಿ, ಓದೋಕೆ ಬರುತ್ತೆ ಅಂತಾಯ್ತು. ಇವತ್ತು ಯಾವ ವಾರ? ನನ್ನ ಕಡೆ ಯಾಕೆ ಬೆರಳು ತೋರಿಸ್ತೀರಿ? ಓ... ಉಪವಾಸ. ಸೋಮವಾರ. ಸರಿಯಾಗೇ ಹೇಳಿದ್ರು ಡಾಕ್ಟ್ರೇ, ಅದು ನನ್ನ ಉಪವಾಸದ ಗುರುತು. ಬಿಪಿ ಎಷ್ಟಿದೆ? ಚೆನ್ನಾಗಿದೆಯಾ? ಸ್ವಲ್ಪಾನೂ ಹೆಚ್ಚಿಲ್ವಾ? ಇನ್ನೊಂದ್ಸಲ ನೋಡಿ, ಯಂತ್ರ ಹಳೇದಿರ್ಬೇಕು. ನಂದಾ? ನಂದ್ಯಾಕೆ ನೋಡ್ತೀರಿ? ಹೆಚ್ಚಿದ್ರೆ ಅದು ಉಪವಾಸ ಡಾಕ್ಟ್ರೇ. ಒಂದು ದಿನಕ್ಕಾದ್ರೂ ಸೇರಿಸ್ಕೊಳ್ಳಿ, ಅಬ್ಸರ್ವೇಷನ್ ಅಂತಾರಲ್ಲ... ಆರೋಗ್ಯವಂತರಿಗೆ ಹಾಸಿಗೆ ಇಲ್ವಾ? ಇಲ್ಲಿ ಬಡೀತಿಲ್ಲ ಅಷ್ಟೇ, ಅಲ್ಲಿ... ಡಾಕ್ಟ್ರೇ... ಸುದರ್ಶನ ಡಾಕ್ಟ್ರೇ...

ಹೋದ್ರು. "ಮನೆಗೆ ಕರ್ಕೊಂಡು ಹೋಗಿ, ಹೊತ್ತಿಗೆ ಸರಿಯಾಗಿ ಊಟ ಹಾಕಿ" ಅಂತೆ. ಇಷ್ಟು ಓದಿದವರು ಬರೆದುಕೊಟ್ಟ ಔಷಧಿ ಇದು! ಅಮ್ಮಾ, ನೀವೂ ತಲೆ ಆಡಿಸ್ತೀರಲ್ಲ. ನಿಮಗೇನು ಗೊತ್ತು ನಮ್ಮ ಕಷ್ಟ.

ಈಗ ನನ್ನ ಮಾತು ಕೇಳಿ ಅಪ್ಪಾಜಿ. ನೀವು ಇಲ್ಲೇ ಕೂತಿರಿ. ಫ್ಯಾನ್ ಇದೆ, ನೀರಿದೆ, ಜನ ಇದಾರೆ. ನಾನು ಗೇಟಿನಾಚೆ ಹೋಗಿ ನಿಮಗೊಂದು ಟೀ ತರ್ತೀನಿ. ಸಕ್ಕರೆ ಕಮ್ಮಿ, ಗೊತ್ತು ನನಗೆ. ಸ್ವಲ್ಪ ತಡವಾದ್ರೆ ಗಾಬರಿಯಾಗ್ಬೇಡಿ, ಅಂಗಡಿ ರಶ್ ಇರುತ್ತೆ. ಈ ಬ್ಯಾಗ್ ನಿಮ್ಮ ಹತ್ರಾನೇ ಇಟ್ಟಿರ್ತೀನಿ, ಆಯ್ತಾ?

ಬೇಡ, ಈಗ ತೆಗೀಬೇಡಿ. ಅದರ ಜಿಪ್ ಸರಿಯಿಲ್ಲ. ಮಾರಪ್ಪನೋರೇ, ಟವೆಲ್ ಬಿಚ್ಚಬೇಡಿ, ಒಗೆದು ಮಡಚಿ ಇಟ್ಟಿದೀನಿ, ಅಪ್ಪಾಜಿ...

ಅದು... ಅದು ಆಯಾ ಹಾಕಿರ್ಬೇಕು. ಲೋಟ ಹಾಕು ಅಂದ್ರೆ ತಟ್ಟೆನೂ ಹಾಕಿದಾಳೆ, ಬುದ್ಧಿಯಿಲ್ಲದೋಳು. ಆಸ್ಪತ್ರೆಯಲ್ಲಿ ಊಟ ಕೊಟ್ರೆ ಬೇಕಾಗುತ್ತೆ ಅಂತ ಇರ್ಬೇಕು. ಚೆಕಪ್ಪಿಗೆ ಬಂದೋರಿಗೂ ಕೆಲವು ಸಲ... ಅಲ್ವಾ?

ಮಾತಾಡಿ.

ಆಯ್ತು, ನಾನೇ ಹಾಕಿದ್ದು. ಸದ್ದಾಗ್ಬಾರ್ದು ಅಂತ ಟವೆಲ್ಲಲ್ಲಿ ಸುತ್ತಿದ್ದೂ ನಾನೇ. ನೀವು ಸ್ನಾನಕ್ಕೆ ಹೋಗಿದ್ರಿ. ಈಗ ಸಮಾಧಾನ ಆಯ್ತಾ? ಬೈರಿ ನನ್ನ. ಬೈಯಲ್ವಾ? ಹಾಗಾದ್ರೆ ಬಡೀರಿ ಅದನ್ನ! ಇಡೀ ಆಸ್ಪತ್ರೆ ಕೇಳಿಸೋ ಹಾಗೆ ಬಡೀರಿ. ಡಾಕ್ಟ್ರು ತಿರುಗಿ ಬರ್ಲಿ, ಬಿಹೇವಿಯರ್ ನೋಡ್ಲಿ, ಒಂದು ಹಾಸಿಗೆ ಕೊಡ್ಲಿ. ನಿಮಗೂ ಒಂದು ನೆಲೆ, ನನಗೂ ಒಂದು ನೆಮ್ಮದಿ. ಗುರುವಾರ ಅಷ್ಟು ಬಡಿದ್ರಲ್ಲ, ಈಗ ಒಂದೇ ಒಂದು ಸಲ, ನನಗೋಸ್ಕರ...

ಪಂಚೆಯಲ್ಲಿ ಒರೆಸ್ತಿದೀರಿ. ತೊಳೆದೇ ಇಟ್ಟಿದೀನಿ ಅದನ್ನ, ಹುಣಸೆಹಣ್ಣು ಹಾಕಿ ಉಜ್ಜಿದೀನಿ ಬೆಳಿಗ್ಗೆ. ಹೆಸರು ಎಷ್ಟು ಚೆನ್ನಾಗಿ ಕಾಣ್ತಿದೆ ನೋಡಿ.

ಯಾಕೆ... ನನ್ನ ಮಡಿಲಲ್ಲಿ ಯಾಕೆ ಇಡ್ತೀರಿ?

ಓ.

ಸಂಜೆ ವಾಪಸ್ ಅಂದ್ನಲ್ಲ. ಹಾಗಿದ್ರೆ ನೀನೇ ತಗೊಂಡು ಹೋಗಿ ಸ್ಟ್ಯಾಂಡಲ್ಲಿ ಇಡು ಅಂತೀರಾ? ಇಡ್ತೀನಿ. ಯಾಕೆ ಇಡಲ್ಲ? ಈಗ್ಲೇ ಆಟೋ ಹಿಡಿದು ಹೋಗಿ... ಎಲ್ಲಿ ಇಡ್ಲಿ ಮಾರಪ್ಪನೋರೇ? ಬೆಳಿಗ್ಗೆನೇ ಆ ಸಂದಿಯಲ್ಲಿ ಷಣ್ಮುಖಪ್ಪನೋರ ತಟ್ಟೆ...

ಬಂತಲ್ಲ ಬಾಯಿಂದ. ಬಂದೇ ಹೋಯ್ತು.

ನಿಮ್ಮನ್ನ ಇಲ್ಲಿಗೆ ತಂದಿದ್ದು ನೀವು ಬಡಿದಿದ್ದಕ್ಕಲ್ಲ. ಸುಡ್ಲಿ ಆ ಬಿಹೇವಿಯರ್ರು! ನೀವು ಬಡಿದಿದ್ದನ್ನ ನೋಡಿ ಜ್ಞಾನೇಶ್ ಅವರಿಗೆ ಆಶ್ರಮ ಬಹಳ ಹಿಡಿಸ್ತು. "ಇಷ್ಟು ಲವಲವಿಕೆ ಇರೋ ಜಾಗ ಬೇರೆಲ್ಲೂ ನೋಡಿಲ್ಲ, ನಮ್ಮಪ್ಪನ್ನ ಇಲ್ಲೇ ಬಿಡ್ತೀವಿ, ಆ ನುಗ್ಗೆಮರದ ಕಿಟಕಿನೇ ಬೇಕು" ಅಂದ್ರು. ನಿಮ್ಮ ಸದ್ದೇ ಅವರನ್ನ ಕರೆದು ನಿಮ್ಮ ಮಂಚದ ಮೇಲೆ ಕೂರಿಸ್ತು. ಬಿಹೇವಿಯರ್ ಅಂತ ಹೆಸರಿಟ್ಟಿದ್ದು ಆಮೇಲೆ. ಕಾಂತರಾಜ್ ಸರ್ ಹೆಸರಿಟ್ರು, ನಾನು ನಾಮಕರಣಕ್ಕೆ ಹಾಡು ಹೇಳಿದೆ. ಯಲ್ಲಮ್ಮಜ್ಜಿಗೂ ನಾನೇ ಟೀ ತರ್ತೀನಿ ಅಂತ...

ನಗಲ್ವಾ? ಇಷ್ಟು ಹೊತ್ತು ನಗ್ತಿದ್ರಲ್ಲ, ಈಗ ನಗಿ.

ಫೋನು. ಹಲೋ... ಹ್ಞಾಂ, ಜಯಶೀಲಾನೇ ಸರ್. ಇಲ್ಲ ಸರ್. ಸೇರಿಸ್ಕೊಳ್ಳಲಿಲ್ಲ. ಇಲ್ಲ, ಬಡಿದಿಲ್ಲ. ತಟ್ಟೆ ಈಗ ನನ್ನ ಕೈಲಿದೆ ಸರ್. ಅವರಾ? ಸುಮ್ನಿದಾರೆ. ಟೀ ತರೋಕೆ ಹೋಗು ಅಂತೀರಾ? ಏಳೋಕಾಗ್ತಿಲ್ಲ ಸರ್. ಇದು ಬಹಳ ಭಾರ ಇದೆ.

ಫೋನ್ ಇಟ್ಟುಬಿಟ್ರು.

ಏನಮ್ಮಾ, ಮಗು ಎದ್ದುಬಿಡ್ತಾ? ನಾವೇನೂ ಸದ್ದು ಮಾಡ್ಲಿಲ್ಲವಲ್ಲ. ತನ್ನಿ, ಈ ತಟ್ಟೆ ತೋರಿಸ್ತೀನಿ, ಮುಖ ಕಾಣುತ್ತೆ, ಸುಮ್ನಾಗುತ್ತೆ. ಎಲ್ಲರೂ ಕೇಳಿಸ್ಕೊಂಡ್ರಿ ಅಲ್ವಾ? ಗೋಡೆಗೆ ಒರಗಿದೋರು, ಚೀಟಿ ಹಿಡ್ಕೊಂಡು ನಿಂತೋರು, ಎಲ್ಲರೂ. ಇರ್ಲಿ. ಕೇಳಿದೋರಿಗೆ ಆಶೀರ್ವಾದ ಮಾಡದೆ ಏಳಬಾರದು ಅಂತ ನಮ್ಮಜ್ಜಿ ಹೇಳ್ತಿದ್ದಳು. ಹಸಿದಾಗ ನಿಮಗೆಲ್ಲ ಬಿಸಿ ಅನ್ನ ಸಿಗ್ಲಿ. ಯಾರ ಫೋಟೋಗೂ ಕಾಯದೆ ಸಿಗ್ಲಿ. ನಿಮ್ಮ ನಿಮ್ಮ ತಟ್ಟೆ ನೀವು ಇಟ್ಟ ಜಾಗದಲ್ಲೇ ಇರ್ಲಿ, ನೀವು ತಿರುಗಿ ಬರೋ ತನಕ. ಮಹಾದೇವ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರ್ಲಿ.